ಲೆಕ್ಕ ಸರಿ, ದಾರಿ ತಪ್ಪು: 9,500 ಕಿ.ಮೀ. ಹೇಗೆ 6,500 ಆಯ್ತು?

ಪ್ರಶ್ನೆ: ಫಿನ್‌ಲೆಂಡ್‌ನ ಹೆಲ್ಸಿಂಕಿ ಮತ್ತು ಅಲಾಸ್ಕಾದ ಆಂಕರೇಜ್ ವಿಮಾನ ನಿಲ್ದಾಣಗಳು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಅದಕ್ಕೇ ರೇಖಾಂಶದ ವ್ಯತ್ಯಾಸ ಹಿಡಿದು ದೂರ ಲೆಕ್ಕ ಹಾಕಿದೆ. ಸುಮಾರು 9,500 ಕಿ.ಮೀ. ಬಂತು. ಆನ್‌ಲೈನ್ ಕ್ಯಾಲ್ಕುಲೇಟರ್ ಮಾತ್ರ 6,500ರ ಆಸುಪಾಸು ತೋರಿಸುತ್ತದೆ. ನಾನೆಲ್ಲಿ ಎಡವಿದೆ?

ಉತ್ತರ: ನೀವು ಗುಣಾಕಾರದಲ್ಲಿ ಎಡವಿಲ್ಲ. ಆ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿ 54 ಕಿ.ಮೀ. ಅಷ್ಟೇ ಅನ್ನೋದನ್ನೂ ಸರಿಯಾಗಿ ಹಿಡಿದಿದ್ದೀರಿ. ಆದರೆ ನೀವು ಅಳೆದದ್ದು ಹತ್ತಿರದ ದಾರಿಯನ್ನಲ್ಲ.

ಒಂದು ಗ್ಲೋಬ್ ತಗೊಂಡು ಈ ಎರಡು ಊರುಗಳ ನಡುವೆ ದಾರ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಅಕ್ಷಾಂಶದ ಗೆರೆ ಮೇಲೆ ನಿಲ್ಲೋದಿಲ್ಲ, ಜಾರಿಕೊಂಡು ಉತ್ತರ ಧ್ರುವದ ಹತ್ತಿರ ಹೋಗಿಬಿಡುತ್ತದೆ. ಅದೇ ಮಹಾವೃತ್ತದ ದಾರಿ, ಅಂದ್ರೆ ಭೂಮಿಯನ್ನು ಸರಿಯಾಗಿ ಅರ್ಧ ಮಾಡುವ ವೃತ್ತದ ಮೇಲಿನ ದಾರಿ. ಹೆಲ್ಸಿಂಕಿ 25 ಡಿಗ್ರಿ ಪೂರ್ವ, ಆಂಕರೇಜ್ 150 ಡಿಗ್ರಿ ಪಶ್ಚಿಮ, ಅಂದ್ರೆ ಧ್ರುವದ ಆಚೆ ಒಂದು, ಈಚೆ ಒಂದು. ಹೆಲ್ಸಿಂಕಿಯಿಂದ ಧ್ರುವಕ್ಕೆ 29.7 ಡಿಗ್ರಿ, ಅಲ್ಲಿಂದ ಆಂಕರೇಜ್‌ಗೆ 28.8. ಒಟ್ಟು 58.5. ಮಹಾವೃತ್ತದ ಮೇಲೆ ಡಿಗ್ರಿಗೆ 111 ಕಿ.ಮೀ., ಹಾಗೆ ಹಿಡಿದರೆ ಸುಮಾರು 6,500 ಬಂತು ಅಲ್ವಾ?

ಎಲ್ಲ ಜೋಡಿಗಳೂ ಹೀಗೆ ಎದುರುಬದುರು ಸಿಗೋದಿಲ್ಲ, ಅದಕ್ಕೆ ಸೂತ್ರ ಬೇಕು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಒಂದು ಕಡೆ ಬರೆದಿಡಿ. ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶ ವ್ಯತ್ಯಾಸದ ಕೊಸೈನ್‌ನಿಂದಲೂ ಗುಣಿಸಿ, ಮೊದಲಿನದಕ್ಕೆ ಕೂಡಿಸಿ. ಬಂದ ಸಂಖ್ಯೆ ಯಾವ ಕೋನದ ಕೊಸೈನ್ ಅಂತ ನೋಡಿ, ಆ ಕೋನವನ್ನು ರೇಡಿಯನ್‌ನಲ್ಲಿ (ಡಿಗ್ರಿಯನ್ನು π/180ರಿಂದ ಗುಣಿಸಿದರೆ ಸಿಗೋದು) ತಗೊಂಡು ಭೂಮಿಯ ಸರಾಸರಿ ತ್ರಿಜ್ಯ 6,371ರಿಂದ ಗುಣಿಸಿದರೆ ದೂರ ಕಿ.ಮೀ.ನಲ್ಲಿ ಸಿಗುತ್ತದೆ. ತೀರಾ ಹತ್ತಿರದ ಜಾಗಗಳಿಗೆ ಇದೇ ದೂರವನ್ನು ಬೇರೆ ರೀತಿ ಲೆಕ್ಕ ಹಾಕುವ ಹೇವರ್‌ಸೈನ್ ಸೂತ್ರ ವಾಸಿ, ದೂರದವಕ್ಕೆ ಇದು ಧಾರಾಳ ಸಾಕು. ಭೂಮಿ ಪೂರ್ತಿ ದುಂಡಗಿಲ್ಲ, ಹಾಗಾಗಿ ಅರ್ಧ ಪರ್ಸೆಂಟ್‌ವರೆಗೆ ಆಚೀಚೆ ಆಗಬಹುದು.

ಜಾಸ್ತಿ ಜನ ಎಡವೋದು ಎರಡು ಕಡೆ. ಸ್ಪ್ರೆಡ್‌ಶೀಟ್‌ಗೆ ಕೋನ ರೇಡಿಯನ್‌ನಲ್ಲೇ ಬೇಕು, ಡಿಗ್ರಿ ಕೊಟ್ಟರೆ ಏನೇನೋ ಉತ್ತರ ಬರುತ್ತದೆ. ಇದು ಕೂಡಲೇ ಕಣ್ಣಿಗೆ ಬೀಳಬಹುದು. ನನಗೆ ನಿಜವಾಗಿ ಭಯ ಇರೋದು ಇನ್ನೊಂದರ ಬಗ್ಗೆ: ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕೋದನ್ನು ಮರೆಯೋದು. ನಿಮ್ಮ ಲೆಕ್ಕದಲ್ಲೇ ಅದನ್ನು ಬಿಟ್ಟರೆ ಸುಮಾರು 5,700 ಬರುತ್ತದೆ. ನಂಬುವ ಹಾಗೇ ಇದೆ, ಯಾರಿಗೂ ಅನುಮಾನ ಬರಲ್ಲ.

ಇನ್ನೊಂದು ಮಾತು. ಇದು ಎರಡು ನಿಲ್ದಾಣಗಳ ನಡುವಿನ ಅತಿ ಕಡಿಮೆ ದೂರ, ವಿಮಾನ ಹಾರಿದ ದೂರ ಅಲ್ಲ. ಗಾಳಿ, ಮೋಡ, ಮುಚ್ಚಿದ ವಾಯುಪ್ರದೇಶ ನೋಡಿಕೊಂಡು ದಾರಿ ಬದಲಾಗುತ್ತದೆ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಗಂಟೆಯ ಆಸುಪಾಸಿದ್ದ ಪ್ರಯಾಣ ಸುಮಾರು 13 ಗಂಟೆ ಆಯ್ತು. ಊರುಗಳು ಇದ್ದಲ್ಲೇ ಇವೆ, ಸೂತ್ರದ ಉತ್ತರವೂ ಅದೇ.

ಹಾಂ, ಎಲ್ಲಾದರೂ ನಿಮ್ಮ ದಾರಿಗೆ 3,510 ಅಂತ ಕಂಡರೆ ಗಾಬರಿ ಆಗಬೇಡಿ. ಅದು ಹಡಗು, ವಿಮಾನದವರು ಬಳಸುವ ನಾಟಿಕಲ್ ಮೈಲಿ, 1.852ರಿಂದ ಗುಣಿಸಿ ಕಿ.ಮೀ. ಮಾಡಿ ನೋಡಿ.