ಎರಡು ಆ್ಯಪ್, ಒಂದು ರಾಜೀನಾಮೆ ಪತ್ರ

ಸಕಲೇಶಪುರದ ಕಡೆಯ 27 ವರ್ಷದ ಯುವಕರೊಬ್ಬರು ತಾಯಿಯೊಂದಿಗೆ ಹಾಸನದ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದಾಗ, ಅವರ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ರಾಜೀನಾಮೆ ಪತ್ರವಿತ್ತು. (ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.) ಬಿ.ಕಾಂ. ಓದಿ ಗುಮಾಸ್ತರಾಗಿದ್ದ ಅವರು ರಾತ್ರಿ ಹೊತ್ತು ಆ್ಯಪ್ ಬರೆಯುವ ಕೋಟ್ಲಿನ್ ಭಾಷೆ ಕಲಿತು, ಮನೆಯ ಕಾಫಿ ತೋಟಕ್ಕೆಂದು ಎರಡು ಆ್ಯಪ್ ಮಾಡಿದ್ದರು. ಒಂದು, ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವಂಥದ್ದು. ಇನ್ನೊಂದು, ಕೊಯ್ಲಿನ ಹಣ್ಣಿನ ತೂಕ ಮತ್ತು ಕೂಲಿಯದ್ದು. ಗೂಗಲ್ ಪ್ಲೇಯಲ್ಲಿ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನು ಬಿಡುಗಡೆ ಮಾಡುವ ಮೊದಲು 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕಾಗುತ್ತದೆ. ಆ ಹನ್ನೆರಡೂ ಜನ ಊರಿನಲ್ಲೇ ಸಿಕ್ಕರೆಂದು ಹೇಳುವಾಗ ಅವರ ಮುಖ ಅರಳಿತು.

"ಇರೋ ಕೆಲ್ಸ ಬಿಟ್ಟು ಬೆಂಗಳೂರಿಗೆ ಹೋಗ್ತಾನಂತೆ ಮೇಡಂ, ಈ ಶೋಕಿಗೆ," ಎಂದರು ತಾಯಿ.

ಇಷ್ಟವಿದೆಯೇ ಎಂದು ನಾನು ಕೇಳಲಿಲ್ಲ, ಅದು ಕಾಣುತ್ತಲೇ ಇತ್ತು. ಆ್ಯಪಿನಿಂದ ಅತ್ಯಂತ ಬೇಸರವಾದ ದಿನ ಯಾವುದೆಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: ಕೊಯ್ಲಿನ ವಾರದ ಬಟವಾಡೆಯ ದಿನ ಹೆಂಗಸೊಬ್ಬರು ತಮ್ಮ ಚೀಟಿ ಹಿಡಿದು ಬಂದು, "ಸಣ್ಣ ಗೌಡ್ರೇ, ನನ್ನ ನಾಲ್ಕು ಕೆ.ಜಿ. ಎಲ್ಲೋಯ್ತು?" ಎಂದರಂತೆ. ಆ್ಯಪು 58 ಕೆ.ಜಿ. 700 ಗ್ರಾಂ ತೂಕವನ್ನು 58 ಎಂದೇ ಬರೆದುಕೊಂಡು, ಪ್ರತಿದಿನವೂ ಗ್ರಾಂಗಳನ್ನು ನುಂಗಿತ್ತು. ತಂದೆ ವ್ಯತ್ಯಾಸದ ಹಣವನ್ನು ಕೈಯಿಂದ ಕೊಟ್ಟರು. ಇವರು ತಪ್ಪು ತಿದ್ದಿದರು, ಆದರೆ ಆಮೇಲೆ ಎರಡು ತಿಂಗಳು ಆ ಆ್ಯಪನ್ನು ತೆರೆಯಲೇ ಇಲ್ಲ. ಮಳೆಯ ಆ್ಯಪಿಗೆ ಮಾತ್ರ ಹೊಸ ಬಣ್ಣ ಹಚ್ಚುತ್ತಿದ್ದರು.

ನಾನು ಹಿಡಿದುಕೊಂಡದ್ದು ಆ ಎರಡು ತಿಂಗಳನ್ನು. ಆ್ಯಪ್ ಮಾಡುವ ಉದ್ಯೋಗವೆಂದರೆ ಬಹುಪಾಲು ಬೇರೆಯವರು ಬರೆದ ಕೋಡನ್ನು ಓದಿ ರಿಪೇರಿ ಮಾಡುವುದು, ದೂರು ಬಂದ ಮರುದಿನವೂ ಅದನ್ನೇ ತೆರೆದು ಕೂರುವುದು. ಆದ್ದರಿಂದ ಪತ್ರವನ್ನು ಮೂರು ತಿಂಗಳು ಕೊಡಬೇಡಿ, ಅಷ್ಟರಲ್ಲಿ ಆರು ತಿಂಗಳ ಖರ್ಚಿನ ಹಣ ಕೂಡಿಡಲು ಆರಂಭಿಸಿ ಎಂದೆ. ದಿನವೂ ಬೆಳಿಗ್ಗೆ ಒಂದೂವರೆ ಗಂಟೆ, ಮನಸ್ಸಿರಲಿ ಬಿಡಲಿ, ಯಾವುದಾದರೂ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದುಪಡಿ ಸೂಚಿಸಬಹುದಾದ) ಆ್ಯಪಿನಲ್ಲಿ ಇತರರು ದಾಖಲಿಸಿದ ದೋಷವನ್ನು ಸರಿಪಡಿಸಲು ಯತ್ನಿಸಿ, ಎದ್ದುಹೋಗಬೇಕೆನಿಸಿದ ಗಳಿಗೆಯನ್ನು ಪುಸ್ತಕದಲ್ಲಿ ಬರೆಯಿರಿ ಎಂದೂ ತಿಳಿಸಿದೆ. 'ಶೋಕಿ' ಎಂಬ ಮಾತನ್ನು ಅಲ್ಲಿಯವರೆಗೆ ಆಡಬಾರದೆಂದು ತಾಯಿಯನ್ನು ಕೋರಿದೆ. ಅವರು ಅರೆಮನಸ್ಸಿನಿಂದ ಒಪ್ಪಿದರು.

ಮೂರು ತಿಂಗಳ ನಂತರ ಆ ಯುವಕರು ಒಬ್ಬರೇ ಬಂದರು. ಎರಡು ದೋಷ ತಿದ್ದಿದ್ದರು, ಅದರಲ್ಲಿ ಒಂದು ತಿದ್ದುಪಡಿಯನ್ನು ಆ ಆ್ಯಪಿನವರು ಸ್ವೀಕರಿಸಿದ್ದರು. ಪುಸ್ತಕದಲ್ಲಿ 'ಎದ್ದುಹೋದೆ' ಎಂಬ ಸಾಲುಗಳೂ ಸಾಕಷ್ಟಿದ್ದವು. ನೌಕರಿಯಲ್ಲಿದ್ದುಕೊಂಡೇ ತೂಕದ ಆ್ಯಪಿಗೆ ತೋಟಗಳಿಂದ ವರ್ಷಕ್ಕಿಷ್ಟೆಂದು ಹಣ ಪಡೆದು ಅದರ ಹೊಣೆ ಹೊರುವುದಾಗಿಯೂ, ಮಳೆಯ ಆ್ಯಪನ್ನು ಯಾರಿಗೂ ಮಾರುವುದಿಲ್ಲವೆಂದೂ ಹೇಳಿದರು. ಮುಂದಿನ ಭೇಟಿಯನ್ನು ರೋಬಸ್ಟಾ ಕಾಫಿಯ ಕೊಯ್ಲು ಮುಗಿದ ಮೇಲೆ ಇಟ್ಟುಕೊಂಡಿದ್ದೇವೆ.