ಪಂಚಾಯತಿ ಸದಸ್ಯೆಯರು ಮತ್ತು ಪಿಎಚ್.ಡಿ.

ಪ್ರಶ್ನೆ: ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿರುವ ನಾನು ‘ಗ್ರಾಮ ಪಂಚಾಯತಿ ಮತ್ತು ಮಹಿಳೆ’ ಎಂಬ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಹಾವೇರಿ

ಉತ್ತರ: ನೀವು ಹೇಳಿರುವುದು ಅಧ್ಯಯನದ ಕ್ಷೇತ್ರವೇ ಹೊರತು ಸಂಶೋಧನಾ ಪ್ರಶ್ನೆಯಲ್ಲ. ಕರ್ನಾಟಕವು 1983ರ ಪಂಚಾಯತಿ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟು, 1987ರಲ್ಲಿ ಚುನಾವಣೆ ನಡೆಸಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಕನಿಷ್ಠ ಮೂರನೇ ಒಂದು ಭಾಗವನ್ನು ಕಡ್ಡಾಯಗೊಳಿಸಿತು, ಈಗ ನಮ್ಮಲ್ಲಿ ಅದು ಅರ್ಧಕ್ಕೇರಿದೆ. ಆದ್ದರಿಂದ ಎಷ್ಟು ಮಂದಿ ಗೆದ್ದರು ಎಂಬುದಕ್ಕಿಂತ, ಮಹಿಳಾ ಮೀಸಲಾತಿ ಬದಲಾಗಿ ಸಾಮಾನ್ಯವಾದ ಕ್ಷೇತ್ರದಲ್ಲಿ, ಹಿಂದೆ ಗೆದ್ದಿದ್ದ ಅದೇ ಮಹಿಳೆ ಮತ್ತೆ ಸ್ಪರ್ಧಿಸುತ್ತಾರೆಯೇ, ಇಲ್ಲದಿದ್ದರೆ ಏಕೆ ಎಂದು ಕೇಳಿಕೊಂಡರೆ ಪ್ರಬಂಧಕ್ಕೆ ಬೆನ್ನೆಲುಬು ಬಂದೀತು. ಎರಡು ತಾಲ್ಲೂಕುಗಳು ಸಾಕು. ಸಭಾ ನಡಾವಳಿಗಳನ್ನು ಓದಿ. ಸದಸ್ಯೆಯರನ್ನು ಒಬ್ಬರೇ ಇರುವಾಗ ಮಾತನಾಡಿಸಿ, ಏಕೆಂದರೆ ಪಕ್ಕದಲ್ಲಿದ್ದರೆ ಗಂಡಂದಿರೇ ಉತ್ತರಿಸಿಬಿಡುವುದುಂಟು! ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನೂ ಬರೆಯಿರಿ. ಅದರ ಮೂಲಕ ಕಿರಿಯ ಸಂಶೋಧನಾ ಫೆಲೋಶಿಪ್ (ಸಂಶೋಧಕರಿಗೆ ಮಾಸಿಕ ಧನಸಹಾಯ) ದೊರೆತರೆ ಕ್ಷೇತ್ರಕಾರ್ಯದ ಖರ್ಚಿನ ಚಿಂತೆ ತಗ್ಗುತ್ತದೆ.