ಅವ್ವನ ಫೋನ್ ಬಂದಾಗ

ನಾನು ಆಪ್ತ ಸಮಾಲೋಚಕಿ. ನನ್ನ ಹತ್ತಿರ ಬಂದ ಒಬ್ಬ ಹುಡುಗನ ವಿಷಯ ಇದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನಿಗೆ 23 ವರ್ಷ, ಗದಗ ಕಡೆಯವನು. ಬಿಇ ಮುಗಿಸಿ ಬೆಂಗಳೂರಿನ ಪಿಜಿಯೊಂದರಲ್ಲಿದ್ದ. ನಿದ್ದೆ ಬರಲ್ಲ ಅಂತ ಬಂದವನು ಎರಡನೇ ಭೇಟಿಯಲ್ಲಿ ವಿಷಯ ಬಾಯಿಬಿಟ್ಟ. ಒಂದು ಕನ್ಸಲ್ಟೆನ್ಸಿಯವರು ದುಡ್ಡು ತಗೊಂಡು ಎರಡು ವರ್ಷದ ಸುಳ್ಳು ಅನುಭವ ಪತ್ರ ಮಾಡಿಕೊಡುತ್ತಾರೆ, ಪೇ ಸ್ಲಿಪ್ ಸಮೇತ. ರೂಮಿನ ಇಬ್ಬರು ಹಾಗೇ ಕೆಲಸ ಹಿಡಿದಿದ್ದಾರೆ.

"ಎಲ್ಲಾರೂ ಮಾಡ್ತಾರ್ರಿ ಮೇಡಂ. ನಾ ಒಬ್ಬನ ಯಾಕ ಹಿಂಗ ಒದ್ದಾಡಾಕತ್ತೇನಿ?"

ನಾನು ಮೊದಲು ಎಡವಿದೆ. ಮೌಲ್ಯಗಳ ಹೆಸರು ಬರೆದ ಚೀಟಿ ಹರಡಿ, ನಿಮಗೆ ಮುಖ್ಯವಾದ ಐದನ್ನು ಆರಿಸಿ ಅಂದೆ. ನಮ್ಮ ಕೆಲಸದಲ್ಲಿ ಇದು ಮಾಮೂಲಿ ಚಟುವಟಿಕೆ. ಅವನು ಪ್ರಾಮಾಣಿಕತೆಯನ್ನೇ ಮೊದಲಿಟ್ಟ. ಇಡದೆ ಇರುತ್ತಾನಾ? ಎದುರು ಕೂತ ಮೇಡಂಗೆ ಯಾವ ಉತ್ತರ ಇಷ್ಟ ಅನ್ನೋದು ಮಕ್ಕಳಿಗೆ ಶಾಲೆಯಲ್ಲೇ ಗೊತ್ತಾಗಿರುತ್ತದೆ.

ಆಮೇಲೆ ಎಚ್ಚರಿಸಿದೆ. ಪಿಎಫ್‌ನ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ದಾಖಲೆ ತೆಗೆದರೆ ಎಲ್ಲೆಲ್ಲಿ ಕೆಲಸ ಮಾಡಿದ್ದು ಅಂತ ಕಂಪನಿಗೆ ಗೊತ್ತಾಗಬಹುದು, ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಇದನ್ನು ಹೇಳಲೇಬೇಕಿತ್ತು. ಆದರೆ "ಅದಕ್ಕೂ ದಾರಿ ಐತಂತ್ರಿ" ಅಂದ. ಭಯ ತೋರಿಸಿ ಗೆಲ್ಲುವ ವಿಷಯ ಇದಾಗಿರಲಿಲ್ಲ.

ಚೀಟಿ ಎತ್ತಿಟ್ಟು ಬೇರೆ ಕೇಳಿದೆ: "ಈ ತಿಂಗಳು ಯಾವಾಗ ನಿಮಗೆ ನಿಮ್ಮ ಮೇಲೇ ಬೇಜಾರಾಯ್ತು?"

ತುಂಬಾ ಹೊತ್ತು ಸುಮ್ನಿದ್ದ. "ಅವ್ವನ ಫೋನ್ ಬಂದಾಗ್ರಿ."

ಕೆಲಸ ಸಿಕ್ಕಿದೆ ಅಂತ ನಾಲ್ಕು ತಿಂಗಳ ಹಿಂದೆಯೇ ಮನೆಗೆ ಹೇಳಿಬಿಟ್ಟಿದ್ದ. ಸ್ನೇಹಿತರ ಹತ್ತಿರ ಕೈಗಡ ಮಾಡಿ ತಿಂಗಳಿಗೆ 5000 ರೂಪಾಯಿ ಕಳಿಸುತ್ತಿದ್ದ. ದೀಪಾವಳಿಗೂ ಊರಿಗೆ ಹೋಗಿರಲಿಲ್ಲ. ಮನೆಗೆ ಆಸರೆಯಾಗಬೇಕು, ಅವ್ವನ ಹತ್ತಿರ ಮುಚ್ಚುಮರೆ ಮಾಡಬಾರದು. ಎರಡೂ ಅವನ ಮೌಲ್ಯಗಳೇ, ಯಾರೂ ಕಲಿಸಬೇಕಾಗಿರಲಿಲ್ಲ. ಅವೆರಡೂ ಒಂದಕ್ಕೊಂದು ಹೊಡೆದಾಡುತ್ತಿದ್ದವು, ಅದಕ್ಕೇ ನಿದ್ದೆ ಇಲ್ಲ.

ಹೇಳಿದ್ದು ಇಷ್ಟು. ಕನ್ಸಲ್ಟೆನ್ಸಿ ವಿಷಯ ನೀವೇ ತೀರ್ಮಾನಿಸಿ, ಆದರೆ ಮನೆಗೆ ನಿಜ ಹೇಳುವ ತನಕ ದುಡ್ಡು ಕಟ್ಟಬೇಡಿ. ಕೈಗಡ ಈ ತಿಂಗಳೇ ನಿಲ್ಲಿಸಿ. ಅವ್ವನಿಗೆ ಒಮ್ಮೆಲೇ ಹೇಳಲಾಗದಿದ್ದರೆ ಅಕ್ಕನಿಗೆ ಹೇಳಿ. ಮಾತು ಬರೆದುಕೊಂಡು ನನ್ನೆದುರು ಮೂರು ಸಲ ಓದಿದ. ಮೊದಲ ಸಲ ಅರ್ಧಕ್ಕೇ ನಿಂತ. ರಾತ್ರಿ ಜಾಸ್ತಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಅಂತಲೂ ಹೇಳಿದೆ.

ಅಕ್ಕ ಚೆನ್ನಾಗಿ ಬೈದಳಂತೆ. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಫೋನ್ ಮಾಡಿ, ಯಾರಿಗೆ ಎಷ್ಟು ಕೊಡಬೇಕು ಅಂತ ಲೆಕ್ಕ ಕೇಳಿದಳು.

ಕೊನೆಯ ಭೇಟಿಯ ದಿನ ಅವನು ಒಂದು ಕಾಲ್ ಸೆಂಟರ್ ಇಂಟರ್‌ವ್ಯೂಗೆ ಹೊರಟಿದ್ದ. ರೆಸ್ಯೂಮೆಯಲ್ಲಿ ಫ್ರೆಶರ್ ಅಂತಲೇ ಇತ್ತು. ನಿದ್ದೆ ಹೇಗಿದೆ ಅಂದೆ. "ಬರ್ತೈತ್ರಿ, ಪೂರಾ ಅಲ್ಲ" ಅಂದ.